ಐದೂವರೆಗೆ ಎದ್ದು ಹೋಗುವವಳು

ಅವಳಿಗೆ ಐದೂವರೆ ಎಂದು ಹೆಸರಿಟ್ಟವಳು ನಾನೇ. ಗೋಡೆ ಗಡಿಯಾರದ ದೊಡ್ಡ ಮುಳ್ಳು ಆರರ ಮೇಲೆ ಬಂದು ನಿಂತರೆ ಸಾಕು, ಕೈಯಲ್ಲಿ ಯಾರ ಹಲ್ಲೇ ಇರಲಿ, ಅರ್ಧ ಉಜ್ಜಿರಲಿ ಮುಕ್ಕಾಲು ಉಜ್ಜಿರಲಿ, ಅದನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, "ಬರ್ತೀನಿ ಅಕ್ಕಾ" ಎಂದು ಹೊರಟುಬಿಡುತ್ತಾಳೆ. ಐದು ಇಪ್ಪತ್ತೊಂಬತ್ತಕ್ಕೂ ಇಲ್ಲ, ಐದು ಮೂವತ್ತೊಂದಕ್ಕೂ ಇಲ್ಲ. ಹೆಸರು ಲ್ಯಾಬಿನಲ್ಲೆಲ್ಲ ಹರಡಿ ಕೊನೆಗೆ ಅವಳ ಕಿವಿಗೂ ಬಿತ್ತು. ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ನಾನು ಆಸೆಯಿಂದ ಕಾದೆ. "ಚೆನ್ನಾಗಿದೆ ಅಕ್ಕ, ನಮ್ಮನೆಯವರಿಗೂ ಹೇಳ್ತೀನಿ" ಎಂದು ನಕ್ಕಳು. ಅವಳ ಮುಂದೆ ನನ್ನ ಕುಹಕ ಯಾವತ್ತೂ ನಡೆದಿಲ್ಲ.

ನಮ್ಮದು ಹಲ್ಲು ಮಾಡುವ ಲ್ಯಾಬು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ನಮಗೆ ಕಳಿಸುತ್ತಾರೆ. ನಾವು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆಯ ಮಾದರಿ ಮಾಡಿ, ಅದರ ಮೇಲೆ ಹಲ್ಲು ಕಟ್ಟಿ ಹಿಂದಕ್ಕೆ ಕಳಿಸುತ್ತೇವೆ. "ಹಲ್ಲು ನಮ್ಮದು, ಕಡಲೆ ನಿಮ್ಮದು" ಎಂದು ಮಾಲೀಕರು ಬಾಗಿಲ ಮೇಲೆ ಬರೆಸಿದ್ದಾರೆ. ಅವರ ಲೆಕ್ಕದಲ್ಲಿ ಅದು ತಮಾಷೆ. ಇಪ್ಪತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಅದನ್ನು ಓದಿಕೊಂಡೇ ಒಳಗೆ ಹೋಗುತ್ತಿರುವ ನನಗೆ ನಗು ಬರುವುದು ಯಾವತ್ತೋ ನಿಂತಿದೆ. ಉದ್ದನೆಯ ಬೆಂಚಿನ ಮುಂದೆ ನಾವು ನಾಲ್ಕು ಜನ ಹೆಂಗಸರು ಕೂರುತ್ತೇವೆ. ಎಲ್ಲರಿಗಿಂತ ಹಿರಿಯಳು ನಾನು, ನನ್ನ ಪಕ್ಕದ ಸ್ಟೂಲು ಅವಳದು.

ಮುಚ್ಚುಮರೆ ಯಾಕೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮದುವೆಯಾಗದ ಹುಡುಗಿಯಾಗಿದ್ದರೆ ಕ್ಷಮಿಸುತ್ತಿದ್ದೆ. ಮನೆ ತುಂಬ ಆಳುಗಳಿದ್ದವಳಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವಳಿಗೂ ನನ್ನ ಹಾಗೇ ಗಂಡ ಇದ್ದಾನೆ, ಅತ್ತೆ ಇದ್ದಾರೆ, ನನಗೆ ಒಂದು ಮಗುವಾದರೆ ಅವಳಿಗೆ ಎರಡು. ಕೆಲಸಗಳ್ಳಿಯಾಗಿದ್ದರೂ ನನಗೆ ನೆಮ್ಮದಿ ಇರುತ್ತಿತ್ತು. ಅದೂ ಇಲ್ಲ. ಮುಂದಿನ ಹಲ್ಲುಗಳನ್ನು ಅವಳಷ್ಟು ಚೆನ್ನಾಗಿ ನಾನೂ ಮಾಡಲಾರೆ. ಹೊಟ್ಟೆಯುರಿಗೆ ಒಂದು ನ್ಯಾಯವಾದ ಕಾರಣ ಬೇಕಲ್ಲ, ಅದನ್ನೂ ಅವಳು ನನಗೆ ಕೊಡಲಿಲ್ಲ.

ಒಂದು ಸಲ ಚಹಾ ಕುಡಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲ ಕಣೇ, ನಿಮ್ಮನೇಲಿ ಪಾತ್ರೆಗಳು ತಾವೇ ತೊಳ್ಕೊಳ್ತವಾ?"

"ಇಲ್ಲ ಅಕ್ಕ, ಹಾಗೇ ಬಿದ್ದಿರ್ತವೆ."

"ಅತ್ತೆ ಏನೂ ಅನ್ನಲ್ವಾ?"

"ಅಂತಾರೆ."

"ಮತ್ತೆ?"

"ಅಂದ್ಕೊಳ್ಳಲಿ ಬಿಡಿ. ಅವರಿಗೂ ಹೊತ್ತು ಹೋಗ್ಬೇಕಲ್ಲ."

ಪಕ್ಕದಲ್ಲಿ ಮೇಣದ ಕೆಲಸ ಮಾಡುವವಳು ಚಹಾ ನೆತ್ತಿಗೇರುವ ಹಾಗೆ ನಕ್ಕಳು. ನಾನು ನಗಲಿಲ್ಲ. ನನಗೆ ನನ್ನ ಮನೆಯ ಸಿಂಕು ಕಣ್ಣ ಮುಂದೆ ಬಂತು. ನಾನು ಮಲಗುವಾಗ ಅದರಲ್ಲಿ ಒಂದು ಚಮಚವೂ ಇರುವುದಿಲ್ಲ. ಅದಕ್ಕಾಗಿ ನನ್ನನ್ನು ಯಾರೂ ಹೊಗಳಿಲ್ಲ, ಆದರೆ ಇರಬಾರದು ಅಷ್ಟೇ.

ಪ್ರತಿ ಶನಿವಾರ ಅವಳು ಈಜುಕೊಳಕ್ಕೆ ಹೋಗುತ್ತಾಳೆ. ಲ್ಯಾಬಿನಿಂದ ಎರಡು ರಸ್ತೆ ಆಚೆ ನಗರಸಭೆಯ ಕೊಳ ಇದೆ. ಸಂಜೆ ಆರರಿಂದ ಏಳರವರೆಗೆ ಹೆಂಗಸರಿಗೆ ಮಾತ್ರ. ತೂಕ ಇಳಿಸಲಿಕ್ಕಾ ಎಂದು ಕೇಳಿದ್ದಕ್ಕೆ, ಅಲ್ಲ ಅಕ್ಕ, ತೇಲೋಕೆ ಎಂದಳು. ತೇಲಿ ಏನು ಮಾಡ್ತೀಯ ಎಂದೆ. "ಏನೂ ಮಾಡಲ್ಲ. ಛಾವಣಿ ನೋಡ್ತೀನಿ" ಎಂದಳು. ಒಂದು ಗಂಟೆ! ನಮ್ಮ ಮನೆಯ ಛಾವಣಿ ಯಾವ ಬಣ್ಣಕ್ಕಿದೆ ಎಂದು ಯಾರಾದರೂ ಕೇಳಿದರೆ ನಾನು ಮನೆಗೆ ಹೋಗಿ ನೋಡಿ ಬಂದು ಹೇಳಬೇಕು.

ನಾನೇನು ಪ್ರಯತ್ನ ಮಾಡಿಲ್ಲ ಅಂತಲ್ಲ. ದುಡಿಯುವ ಹೆಣ್ಣು ವಾರಕ್ಕೆ ಒಂದು ಗಂಟೆಯನ್ನಾದರೂ ತನಗೆಂದು ಇಟ್ಟುಕೊಳ್ಳಬೇಕು, ಬಿಸಿನೀರಿನ ಸ್ನಾನ ಒಳ್ಳೆಯದು ಎಂದು ಒಂದು ವಾರಪತ್ರಿಕೆಯಲ್ಲಿ ಓದಿದ್ದೆ. ಒಂದು ಭಾನುವಾರ ಬಚ್ಚಲಿನ ಬಾಗಿಲು ಹಾಕಿಕೊಂಡು ಬಿಸಿನೀರಿನ ಮುಂದೆ ಕೂತೆ. ಏಳು ನಿಮಿಷವಾಗಿರಬೇಕು, ಗಂಡ ಬಾಗಿಲು ಬಡಿದು ಕತ್ತರಿ ಎಲ್ಲಿದೆ ಎಂದರು. ಹೇಳಿದೆ. ಇನ್ನೆರಡು ನಿಮಿಷಕ್ಕೆ, ಅದು ಅಲ್ಲಿಲ್ಲ ಎಂದರು. ಎದ್ದು ಬಂದು ಹುಡುಕಿಕೊಟ್ಟೆ. ಹೇಳಿದ ಜಾಗದಲ್ಲೇ ಇತ್ತು. ನನ್ನ ಗಂಡ ಕೆಟ್ಟವರಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಹಳೆಯ ರೇಡಿಯೋಗಳನ್ನು ಬಿಚ್ಚಿ ಹರಡಿಕೊಂಡು ಸಂಜೆಯವರೆಗೆ ಕೂರುತ್ತಾರೆ. ಅದಕ್ಕೆ ಬಿಡುವು ಅಂತ ಯಾರೂ ಹೆಸರಿಟ್ಟಿಲ್ಲ, ಯಾರೂ ಬಾಗಿಲೂ ಬಡಿಯುವುದಿಲ್ಲ.

ಇಷ್ಟೇ ಆಗಿದ್ದರೆ ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಇರುತ್ತಿತ್ತು. ಅದಕ್ಕೆ ಗಾಳಿ ಹಾಕಿದ್ದು ನನ್ನ ಮಗಳು.

ಮಗಳಿಗೆ ಹನ್ನೆರಡು ವರ್ಷ. ಅವಳ ಶಾಲೆ ಲ್ಯಾಬಿನ ಹಿಂದಿನ ರಸ್ತೆಯಲ್ಲೇ ಇದೆ. ಶಾಲೆ ಬಿಟ್ಟ ಮೇಲೆ ಇಲ್ಲಿಗೇ ಬಂದು, ಪ್ಲಾಸ್ಟರ್ ಮೂಟೆಗಳ ಪಕ್ಕದ ಮೇಜಿನಲ್ಲಿ ಕೂತು ಹೋಂವರ್ಕ್ ಮಾಡುತ್ತ ನಾನು ಮುಗಿಸುವವರೆಗೆ ಕಾಯುತ್ತಾಳೆ. ನಾನು ಮುಗಿಸುವುದು ಏಳಕ್ಕೆ, ಏಳೂವರೆಗೆ. ಮೂರು ತಿಂಗಳ ಹಿಂದೆ ಒಂದು ಶನಿವಾರ ಹೊರಟಿದ್ದ ಐದೂವರೆ ಮಗಳ ಮೇಜಿನ ಹತ್ತಿರ ನಿಂತಳು. "ಈ ಧೂಳಲ್ಲಿ ಕೂತು ಏನ್ಮಾಡ್ತೀಯ, ಬರ್ತೀಯಾ ನನ್ನ ಜೊತೆ? ಅಕ್ಕ, ಕರ್ಕೊಂಡ್ ಹೋಗ್ಲಾ?" ಎಂದಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅವಳಿಗೆ ನೀರು ಕಂಡರೆ ಭಯ ಎಂದೆ. "ನಂಗೂ ಇತ್ತು" ಎಂದು ಕೈ ಹಿಡಿದುಕೊಂಡು ಹೋಗಿಯೇಬಿಟ್ಟಳು.

ಆವತ್ತಿನಿಂದ ಮನೆಯಲ್ಲಿ ಆಂಟಿ ಬಿಟ್ಟರೆ ಬೇರೆ ಮಾತಿಲ್ಲ. ಆಂಟಿ ಹೀಗಂದರು, ಆಂಟಿ ಹಾಗಂದರು. ಕಿವಿಗೆ ನೀರು ಹೋದರೆ ಆಂಟಿ ಒಂಟಿ ಕಾಲಲ್ಲಿ ಕುಣಿಯುತ್ತಾರೆ. ಆಂಟಿ ಚಿಕ್ಕವರಿದ್ದಾಗ ಗಣಿತದಲ್ಲಿ ಮೂರು ಸಲ ಫೇಲಾಗಿದ್ದರು. ನನ್ನ ಮಗಳಿಗೆ ಗಣಿತದಲ್ಲಿ ಕಷ್ಟವಾಗುತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ, ಅದು ಆಂಟಿಗೆ ಗೊತ್ತಿತ್ತು. ಶಾಲೆಯಲ್ಲಿ ಗೆಳತಿಯ ಜೊತೆ ಮಾತು ಬಿಟ್ಟದ್ದು, ಮತ್ತೆ ಒಂದಾದದ್ದು, ಎಲ್ಲ ಮುಗಿದು ತಿಂಗಳಾದ ಮೇಲೆ ನನಗೆ ಗೊತ್ತಾಯಿತು. ಅದೂ ಐದೂವರೆಯ ಬಾಯಲ್ಲಿ. "ಪಾಪ, ಎಷ್ಟು ಅತ್ತಿತ್ತು ಮಗು" ಎಂದಳು. ನಾನು ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.

ಇನ್ನೊಂದು ದಿನದ ಮಾತು ಹೇಳಬೇಕು. ಮಗಳು ಬೆಂಚಿನ ಹತ್ತಿರ ಬಂದು ಐದೂವರೆಯ ಕಿವಿಯಲ್ಲಿ ಏನೋ ಹೇಳಿದಳು. ಅವಳು ತಿರುಗಿ ಏನೋ ಅಂದಳು. ಮಗಳು ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರ್ತಿ ತೆರೆದು ನಕ್ಕಳು. ಆಗ ನನಗೆ ಕಂಡಿತು, ಕೆಳಗಿನ ಸಾಲಿನ ಕೊನೆಯಲ್ಲಿ ಎರಡೂ ಕಡೆ ಹೊಸ ದವಡೆ ಹಲ್ಲು ಬಂದಿತ್ತು. ಒಸಡು ಸೀಳಿ ಹೊರಗೆ ಬರಲಿಕ್ಕೆ ತಿಂಗಳುಗಟ್ಟಲೆ ಹಿಡಿದಿರಬೇಕು. ನೋವೂ ಆಗಿರಬೇಕು. ದಿನಕ್ಕೆ ಮೂವತ್ತು ಜನರ ಹಲ್ಲು ನೋಡುವ ನಾನು ನನ್ನ ಮಗಳ ಹಲ್ಲು ನೋಡಿದ್ದು ಇನ್ನೊಬ್ಬಳು ಅವಳನ್ನು ನಗಿಸಿದಾಗ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಆ ಸಂಜೆ ನಾನು ಉಜ್ಜುತ್ತಿದ್ದ ಹಲ್ಲಿನ ಸೆಟ್ಟಿನ ಅಂಚು ಮುರಿದುಹೋಯಿತು.

ಬುಧವಾರ ಮಗಳು ಲ್ಯಾಬಿಗೆ ಓಡುತ್ತಲೇ ಬಂದಳು. ಬಂದವಳು ನನ್ನನ್ನು ದಾಟಿಕೊಂಡು ಐದೂವರೆಯ ಹತ್ತಿರ ಹೋದಳು.

"ಆಂಟಿ, ಈ ಶನಿವಾರ ನಾನು ಪೂರ್ತಿ ದಾಟ್ತೀನಿ. ಆ ತುದಿಯಿಂದ ಈ ತುದಿ. ಮಧ್ಯೆ ನಿಲ್ಲಲ್ಲ."

"ಗೋಡೆ ಮುಟ್ಟೋವರೆಗೆ?"

"ಗೋಡೆ ಮುಟ್ಟೋವರೆಗೆ. ನೀವು ಆ ಕಡೆ ನಿಂತಿರ್ಬೇಕು."

ನೀವು ನಿಂತಿರಬೇಕು. ನಾನು ಎರಡು ಅಡಿ ದೂರದಲ್ಲಿದ್ದೆ, ಕೈಯಲ್ಲಿ ಯಾರೋ ಮುದುಕರ ಮೇಲ್ದವಡೆ ಇತ್ತು. ಅಮ್ಮಾ ನೀನೂ ಬಾ ಎಂದು ಒಂದು ಮಾತು ಬಾಯುಪಚಾರಕ್ಕಾದರೂ ಹೇಳಲಿಲ್ಲ. ಮರೆತದ್ದಲ್ಲ, ಅವಳ ತಲೆಗೇ ಬರಲಿಲ್ಲ. ನನ್ನ ಮಗಳು ಮೊದಲನೇ ಸಲ ನಡೆದಾಗ ನಾನು ಲ್ಯಾಬಿನಲ್ಲಿದ್ದೆ, ಅತ್ತೆ ನೋಡಿದರು. ಈಗ ಈಜುವಾಗ ಆ ಗೋಡೆಯ ಹತ್ತಿರ ನಿಲ್ಲುವವಳು ನಾನೇ ಆಗಬೇಕು ಎಂದು ಅಲ್ಲೇ ಹಟ ಹುಟ್ಟಿತು. ನಾನೂ ಬರ್ತೀನಿ ಎಂದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಬಂದು ಇಬ್ಬರ ಪಕ್ಕ ಮೂರನೆಯವಳಾಗಿ ನಿಲ್ಲಬೇಕಿತ್ತೇ? ನನಗೆ ಬೇಕಾಗಿದ್ದದ್ದು ಅವಳ ಜಾಗ.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ಕೆಲಸದ ಜೊತೆ ವೈದ್ಯರ ಚೀಟಿ ಬರುತ್ತದೆ. ಅದರಲ್ಲಿ ಹಲ್ಲಿನ ಬಣ್ಣದ ನಂಬರ್ ಇರುತ್ತದೆ. ಎರಡನೇ ನಂಬರು ಹಾಲಿಗೆ ಹತ್ತಿರ, ಮೂರನೇ ನಂಬರು ಹಳೆಯ ಕಾಗದಕ್ಕೆ. ವೈದ್ಯರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ಓದಬಲ್ಲವಳು ನಾನೊಬ್ಬಳೇ. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಎಲ್ಲ ಚೀಟಿ ಓದಿ, ಆಯಾ ಮಾದರಿಯ ತಳದಲ್ಲಿ ಪೆನ್ಸಿಲಿನಿಂದ ನಂಬರ್ ಬರೆದಿಡುತ್ತೇನೆ. ಆಮೇಲೆ ಚೀಟಿಯನ್ನು ಯಾರೂ ನೋಡುವುದಿಲ್ಲ. ನಾನು ಬರೆದದ್ದೇ ವೇದವಾಕ್ಯ.

ಗುರುವಾರ ಬೆಳಿಗ್ಗೆ ಒಬ್ಬ ಮುಖ್ಯೋಪಾಧ್ಯಾಯಿನಿಯ ಮುಂದಿನ ನಾಲ್ಕು ಹಲ್ಲಿನ ಕೆಲಸ ಬಂತು. ಚೀಟಿಯಲ್ಲಿ ಎರಡನೇ ನಂಬರ್ ಇತ್ತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೂರಿಸಬೇಕು, ಹತ್ತೂವರೆಗೆ ಅವರು ವೇದಿಕೆ ಹತ್ತಬೇಕು ಎಂದೂ ಬರೆದಿತ್ತು. ಮುಂದಿನ ಹಲ್ಲು ಅಂದರೆ ಐದೂವರೆಯ ಕೆಲಸ. ನಾನು ಮಾದರಿಯ ತಳದಲ್ಲಿ ಮೂರು ಎಂದು ಬರೆದು ಅವಳ ಮುಂದೆ ಇಟ್ಟೆ. ನನ್ನ ಲೆಕ್ಕ ಸರಳವಾಗಿತ್ತು. ಶುಕ್ರವಾರ ಅವಳು ಮುಗಿಸುತ್ತಾಳೆ. ಶನಿವಾರ ವೈದ್ಯರು ನೋಡಿ, ಬಣ್ಣ ತಪ್ಪಿದೆ ಎಂದು ವಾಪಸ್ ಕಳಿಸುತ್ತಾರೆ. ಮೇಲಿನ ಪಿಂಗಾಣಿ ಕಿತ್ತು, ಮತ್ತೆ ಪುಡಿ ಕಲಸಿ ಪದರ ಪದರವಾಗಿ ಹಚ್ಚಿ, ಕುಲುಮೆಯಲ್ಲಿ ಬೇಯಿಸಲಿಕ್ಕೆ ಆರೇಳು ಗಂಟೆ ಬೇಕು. ಭಾನುವಾರ ರಜೆ. ಅವಳು ಶನಿವಾರ ಸಂಜೆ ಕೂರಲೇಬೇಕು. ನಾನು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, "ಆಂಟಿಗೆ ಕೆಲಸ ಬಂತಂತೆ, ನಡಿ, ನಾನೇ ಬರ್ತೀನಿ" ಎನ್ನುತ್ತೇನೆ. ಈ ಮಾತನ್ನು ಪಾತ್ರೆ ತೊಳೆಯುತ್ತ ಎರಡು ಮೂರು ಸಲ ಅಂದು ನೋಡಿಕೊಂಡಿದ್ದೆ. ಆ ಮುಖ್ಯೋಪಾಧ್ಯಾಯಿನಿ ನನಗೇನು ಕೆಡುಕು ಮಾಡಿದ್ದರು? ಏನೂ ಇಲ್ಲ. ಅವರು ನನ್ನ ನೆನಪಿಗೆ ಬಂದದ್ದೇ ಆಮೇಲೆ.

ಶುಕ್ರವಾರ ಸಂಜೆ ಅವಳು ಐದೂವರೆಗೆ ಹೊರಟ ಮೇಲೆ ನಾನು ಆ ಮಾದರಿ ಎತ್ತಿಕೊಂಡೆ. ಮೂರನ್ನು ಅಳಿಸಿ ಎರಡು ಎಂದು ಬರೆದರೆ ತಪ್ಪು ಅವಳದಾಗುತ್ತದೆ ಎಂಬುದು ಯೋಜನೆಯ ಕೊನೆಯ ಭಾಗ. ರಬ್ಬರಿನಿಂದ ಉಜ್ಜಿದೆ, ಅಳಿಯಲಿಲ್ಲ. ಇನ್ನೂ ಜೋರಾಗಿ ಉಜ್ಜಿದೆ. ತಳ ಫಳಫಳ ಹೊಳೆಯುತ್ತಿತ್ತು. ಅವಳು ವಾರ್ನಿಶ್ ಬಳಿದುಬಿಟ್ಟಿದ್ದಳು. ನಂಬರ್ ಬರೆದ ಮೇಲೆ ವಾರ್ನಿಶ್ ಬಳಿಯಬೇಕು, ಇಲ್ಲದಿದ್ದರೆ ಕೈಗೆ ಕೈ ಬದಲಾಗುವಾಗ ಪೆನ್ಸಿಲ್ ಅಳಿಸಿ ಹೋಗುತ್ತದೆ ಎಂದು ಲ್ಯಾಬಿಗೆಲ್ಲ ಪಾಠ ಹೇಳಿದವಳು ನಾನು. ಬೇರೆಯವರು ಬಳಿಯುವುದು ನೆನಪಾದರೆ, ಬಿಟ್ಟರೆ ಬಿಟ್ಟರು. ಅವಳು ಒಂದನ್ನೂ ಬಿಡುವುದಿಲ್ಲ. ಬ್ಲೇಡು ಹುಡುಕುವಷ್ಟರಲ್ಲಿ ಮಾಲೀಕರು ಬಂದು, "ಆಯ್ತಾ? ಕೊಡಿ, ನಾನು ಆ ಕಡೆಗೇ ಹೊರಟಿದ್ದೀನಿ" ಎಂದು ಡಬ್ಬಿಗೆ ಹಾಕಿಕೊಂಡು ಹೋದರು. ಆಗಲಾದರೂ ಸರ್, ನಿಲ್ಲಿ ಎನ್ನಬಹುದಿತ್ತು.

ಶನಿವಾರ ಹನ್ನೆರಡಕ್ಕೆ ಡಬ್ಬಿ ವಾಪಸ್ ಬಂತು. ಮಾಲೀಕರು ಚೀಟಿಯನ್ನೂ ಮಾದರಿಯನ್ನೂ ಬೆಂಚಿನ ಮೇಲೆ ಪಕ್ಕ ಪಕ್ಕ ಇಟ್ಟರು. ಚೀಟಿಯಲ್ಲಿ ಎರಡು, ಮಾದರಿಯ ತಳದಲ್ಲಿ ವಾರ್ನಿಶ್ ಕೆಳಗೆ ನನ್ನ ದುಂಡು ಕೈಬರಹದ ಮೂರು. ಬೇರೆ ಯಾರಾದರೂ ಆಗಿದ್ದರೆ ಲ್ಯಾಬು ಹಾರಿಹೋಗುವ ಹಾಗೆ ಕೂಗುತ್ತಿದ್ದರು. ನನಗೆ ಮೆಲ್ಲಗೆ ಹೇಳಿದರು.

"ಇಪ್ಪತ್ತೊಂದು ವರ್ಷದಲ್ಲಿ ಇದೇ ಮೊದಲು, ಅಲ್ವಾ? ಹೋಗ್ಲಿ ಬಿಡಿ. ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ ಒಂದ್ಸಲ."

ಐದೂವರೆ ಮಾದರಿಯನ್ನು ಕೈಗೆತ್ತಿಕೊಂಡಳು. "ನಾನಾದ್ರೂ ಚೀಟಿ ನೋಡ್ಬೇಕಿತ್ತು. ನೀವು ಬರೆದಿದ್ದನ್ನ ಯಾವತ್ತೂ ಎರಡನೇ ಸಲ ನೋಡಿಲ್ಲ ನಾನು. ಅಕ್ಕ, ನೀವು ತುಂಬ ಸುಸ್ತಾಗಿದೀರ. ಒಂದೆರಡು ದಿನ ರಜೆ ಹಾಕಿ" ಎಂದಳು. ಆಮೇಲೆ ಮಾಲೀಕರ ಕಡೆ ತಿರುಗಿ, "ನಾನಿದ್ದು ಮಾಡಿಕೊಡ್ಲಾ ಸರ್?" ಎಂದಳು.

ಅವಳ ಬಾಯಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ. ಹೂಂ ಅನ್ನಿ, ಹೂಂ ಅನ್ನಿ ಎಂದು ಮಾಲೀಕರ ಮುಖ ನೋಡಿದೆ.

"ಬೇಡ ಬೇಡ. ತಪ್ಪು ನಿಮ್ದಲ್ಲ, ನೀವು ಯಾಕೆ ಕೂರ್ಬೇಕು? ಇವರು ಮಾಡ್ತಾರೆ. ಇವರು ಹೇಗೂ ಇರ್ತಾರಲ್ಲ."

ಹೇಗೂ ಇರ್ತಾರಲ್ಲ. ಇಪ್ಪತ್ತೊಂದು ವರ್ಷದ ಬಿರುದು. ತಾವು ತೋಡಿದ ಹಳ್ಳಕ್ಕೆ ತಾವೇ ಬಿದ್ದರು ಎಂದು ಬೇರೆಯವರ ವಿಷಯದಲ್ಲಿ ಎಷ್ಟು ಸಲ ಹೇಳಿ ನಕ್ಕಿದ್ದೇನೆ. ಬಿದ್ದವರಿಗೆ ಗೊತ್ತು ಅದರ ಆಳ. ಆದರೂ ನಾನು ಮಾಡಿದ್ದು ತಪ್ಪು ಎಂದು ಆಗ ಅನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ರಜೆ ಹಾಕಿ ಎಂದಳಲ್ಲ, ಅದರ ಮೇಲೇ ಇನ್ನಷ್ಟು ಸಿಟ್ಟು ಬಂತು. ಬಿಡುವು ಎನ್ನುವುದು ಅವಳ ಮನೆಯ ಹಿತ್ತಿಲಲ್ಲಿ ಬೆಳೆಯುತ್ತದೆ, ನನಗೂ ನಾಲ್ಕು ಕಿತ್ತು ಕೊಡುತ್ತಾಳೆ!

ನಾನು ಹಲ್ಲು ಹಿಡಿದು ಕೂತೆ. ಮೂರನೇ ನಂಬರಿನ ಪಿಂಗಾಣಿಯನ್ನು ಕೆರೆದು ತೆಗೆದೆ. ಅವಳು ಅದನ್ನು ಎಷ್ಟು ಚೆನ್ನಾಗಿ ಕಟ್ಟಿದ್ದಳೆಂದರೆ ಕೆರೆಯುವಾಗ ನನ್ನ ಕೈಗೇ ಸಂಕಟವಾಯಿತು. ಹಲ್ಲಿನ ತುದಿಯಲ್ಲಿ ಬೆಳಕು ಹಾಯುವ ತೆಳುವಾದ ಅಂಚು, ನಿಜವಾದ ಹಲ್ಲಿಗೆ ಇರುವ ಹಾಗೆ. ಪುಡಿ ಕಲಸಿದೆ, ಕುಂಚದಿಂದ ಹಚ್ಚಿದೆ, ಕುಲುಮೆಗೆ ಇಟ್ಟೆ, ತೆಗೆದೆ, ಮತ್ತೆ ಹಚ್ಚಿದೆ. ಗಂಟೆ ಎರಡಾಯಿತು, ಮೂರಾಯಿತು. ಮಗಳು ಅರ್ಧ ದಿನದ ಶಾಲೆ ಮುಗಿಸಿ ಬಂದು ಮೂಲೆಯಲ್ಲಿ ಕೂತಿದ್ದಳು. ಅವತ್ತು ಪುಸ್ತಕ ತೆರೆಯಲೇ ಇಲ್ಲ. ಕುರ್ಚಿಯಲ್ಲಿ ಕೂತು ಗಾಳಿಯಲ್ಲೇ ಕೈ ಬೀಸಿ ಬೀಸಿ ಈಜುತ್ತಿದ್ದಳು.

ಐದೂವರೆ ಆಯಿತು. ಮೊಳೆಗೆ ಏಪ್ರನ್ ಹೋಯಿತು. "ಬರ್ತೀನಿ ಅಕ್ಕಾ." ಮಗಳು ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು. "ಅಮ್ಮ, ಏಳೂಕಾಲಿಗೆ ಬಾಗಿಲ ಹತ್ರ ಇರ್ತೀನಿ. ನೀನು ಆತುರ ಮಾಡ್ಕೋಬೇಡ" ಎಂದಳು. ಒಳ್ಳೆಯ ಮಗು. ಎಷ್ಟು ಒಳ್ಳೆಯದೆಂದರೆ ನನ್ನಿಂದ ಏನನ್ನೂ ಕೇಳುವುದಿಲ್ಲ. ಇಬ್ಬರೂ ಕಿಟಕಿಯ ಆಚೆ ಹಾದು ಹೋದರು. ಅವಳು ಏನೋ ಹೇಳಿದಳು, ಮಗಳು ಅವಳ ತೋಳಿಗೆ ಜೋತುಬಿದ್ದು ನಕ್ಕಳು.

ಬೆಂಚು ಖಾಲಿಯಾಯಿತು. ಮಾಲೀಕರೂ ಹೊರಗೆ ಹೋಗಿದ್ದರು. ಹಲ್ಲುಗಳಿಗೆ ಕೊನೆಯ ಹೊಳಪಿನ ಲೇಪ ಹಾಕಿ ಒಂದು ಸಲ ಬೇಯಿಸಿದರೆ ಮುಗಿಯಿತು, ಮುಕ್ಕಾಲು ಗಂಟೆಯ ಕೆಲಸ. ಗಡಿಯಾರ ನೋಡಿದೆ. ಐದು ಐವತ್ತು. ಈಗ ಅವರು ಬಟ್ಟೆ ಬದಲಾಯಿಸುತ್ತಿರುತ್ತಾರೆ. ಈಗ ಅವಳು ಮಗಳ ಕೂದಲು ಟೋಪಿಯೊಳಗೆ ಸೇರಿಸುತ್ತಿರುತ್ತಾಳೆ. ಆ ಕೂದಲು ನಾನು ಬೆಳಿಗ್ಗೆ ಬಾಚಿದ್ದು. ಕುಂಚವನ್ನು ಬೆಂಚಿನ ಮೇಲಿಟ್ಟೆ.

ಎದ್ದೆ. ಕುಲುಮೆ ಆರಿಸಿದೆ. "ಸೋಮವಾರ ಏಳು ಗಂಟೆಗೆ ಬಂದು ಮುಗಿಸುತ್ತೇನೆ" ಎಂದು ವೈದ್ಯರ ಚೀಟಿಯ ಹಿಂದೆಯೇ ಬರೆದು ಮಾಲೀಕರ ಮೇಜಿನ ಮೇಲಿಟ್ಟೆ. ಅರ್ಧ ಕೆಲಸ ಬೆಂಚಿನ ಮೇಲೆ ಬಿಟ್ಟು ನಾನು ಎದ್ದದ್ದು ಲ್ಯಾಬಿನಲ್ಲಿ ಯಾರೂ ಕಂಡಿಲ್ಲ. ಅವತ್ತೂ ಕಾಣಲಿಕ್ಕೆ ಯಾರೂ ಇರಲಿಲ್ಲ. ರಸ್ತೆಯಲ್ಲಿ ಓಡುನಡಿಗೆಯಲ್ಲಿ ಹೋಗುವಾಗ ಏಪ್ರನ್ ಬಿಚ್ಚಿಲ್ಲ ಎಂದು ಗೊತ್ತಾಯಿತು. ಹಿಂದೆ ತಿರುಗಲಿಲ್ಲ.

ಕೊಳದ ಬಾಗಿಲಲ್ಲಿ ಚಪ್ಪಲಿ ಬಿಡಿಸಿದರು. ಒಳಗೆ ಬೆಚ್ಚಗಿನ ಹಬೆ, ಕ್ಲೋರಿನ್ ವಾಸನೆ, ಗೋಡೆಗೆ ಬಡಿದು ವಾಪಸ್ ಬರುವ ಹೆಂಗಸರ ದನಿ. ಶನಿವಾರ ಸಂಜೆ ಇಷ್ಟೊಂದು ಹೆಂಗಸರು ಮನೆಯಲ್ಲಿ ಇರುವುದಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಒಬ್ಬ ಅಜ್ಜಿ ನೀರಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ್ದರು. ಇಬ್ಬರು ಅಂಚು ಹಿಡಿದುಕೊಂಡು, ಕಾಲು ತೇಲಿಸಿಕೊಂಡು ಯಾರದೋ ಸೊಸೆಯ ವಿಷಯ ಮಾತಾಡುತ್ತಿದ್ದರು. ಒಬ್ಬಳು ಏನೂ ಮಾಡುತ್ತಿರಲಿಲ್ಲ, ನಿಂತಿದ್ದಳು ಅಷ್ಟೇ, ಕತ್ತಿನವರೆಗೆ ನೀರಿನಲ್ಲಿ. ಇವರ ಮನೆಗಳಲ್ಲೆಲ್ಲ ಸಿಂಕು ತುಂಬಿದೆಯೇ? ಒಬ್ಬಳ ಮೇಲೆ ಇದ್ದ ಹೊಟ್ಟೆಕಿಚ್ಚು ಅಲ್ಲಿ ಮೂವತ್ತು ಜನರ ಮೇಲೆ ಹರಡಿತು.

ಆಮೇಲೆ ಮಗಳು ಕಂಡಳು. ಆಗಲೇ ಹೊರಟಿದ್ದಳು. ಆಚೆ ತುದಿಯಿಂದ ಅರ್ಧಕ್ಕಿಂತ ಹೆಚ್ಚು ಬಂದಿದ್ದಳು. ಒಂದು ಕೈ, ಎರಡು ಕೈ, ಮೂರು ಕೈ, ಮುಖ ಪಕ್ಕಕ್ಕೆ, ಉಸಿರು. ಮತ್ತೆ ಒಂದು, ಎರಡು, ಮೂರು. ಎರಡು ಬಕೆಟ್ ನೀರಿಗೆ ಹೆದರುತ್ತಿದ್ದ ನನ್ನ ಮಗಳು. ನನ್ನ ಎದೆ ತುಂಬಿ ಬಂತು. ಅದೇ ಹೊತ್ತಿಗೆ ಈಚೆ ಗೋಡೆಯ ಹತ್ತಿರ ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಐದೂವರೆ ಕಂಡಳು. ಕೈ ಚಾಚಿರಲಿಲ್ಲ, ಕೂಗುತ್ತಿರಲಿಲ್ಲ, ಇದು ಆಗಿಯೇ ಆಗುತ್ತದೆ ಎನ್ನುವ ಹಾಗೆ ಕಾಯುತ್ತಿದ್ದಳು. ತುಂಬಿ ಬಂದ ಎದೆಯೊಳಗೆ ಮತ್ತೆ ಅದೇ ಉರಿ.

ನಾನು ಅಂಚಿನ ಮೇಲೆ ನಡೆದುಕೊಂಡು ಹೋದೆ. ಹಿಂದೆ ನಿಂತು ನೋಡಬಹುದಿತ್ತು. ಗೋಡೆಗೆ ಒರಗಿದ ಬೆಂಚಿತ್ತು, ಇಬ್ಬರು ತಾಯಂದಿರು ಅದರ ಮೇಲೆ ಕೂತು ನೋಡುತ್ತಿದ್ದರು. ನನಗೆ ಅದು ಸಾಲದಾಯಿತು. ಅವಳನ್ನು ದಾಟಿ ಮುಂದೆ ಬಂದು, ಪಕ್ಕದ ಅಂಚಿನ ಕೊನೆಯಲ್ಲಿ, ಮಗಳು ಉಸಿರಿಗೆ ಮುಖ ತಿರುಗಿಸುವ ಕಡೆಗೇ ನಿಂತೆ. ಮೊದಲು ಕಾಣುವವಳು ನಾನೇ ಆಗಬೇಕು. ಗೋಡೆ ಇನ್ನು ನಾಲ್ಕೈದು ಕೈ ದೂರ.

ಮಗಳು ಮುಖ ತಿರುಗಿಸಿದಳು. ನನ್ನನ್ನು ನೋಡಿದಳು.

ಅವಳ ಕೈ ನಿಂತುಹೋಯಿತು. ನಗು ಬರುತ್ತದೆ ಎಂದು ನಾನು ಕಾದಿದ್ದ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದಳು, ನೀರು ಒಳಗೆ ಹೋಯಿತು, ಕೆಮ್ಮುತ್ತ ಮುಳುಗಿದಳು. ನಾನು ಕೂಗಿದೆ. ನನಗೆ ಈಜು ಬರುವುದಿಲ್ಲ. ಐದೂವರೆ ಎರಡೇ ಹೆಜ್ಜೆಯಲ್ಲಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಿದಳು.

ಮಗಳು ಕೆಮ್ಮಿನ ನಡುವೆಯೇ ಕೇಳಿದಳು. "ಅಮ್ಮಾ, ಏನಾಯ್ತು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಪುಟ್ಟ."

"ಅಪ್ಪಂಗಾ? ಅಜ್ಜಿಗಾ?"

"ಏನೂ ಆಗಿಲ್ಲ ಕಣೇ. ನಾನು ಸುಮ್ನೆ ಬಂದೆ."

"ಸುಳ್ಳು ಹೇಳ್ಬೇಡ ಅಮ್ಮ." ಅವಳು ನನ್ನ ಏಪ್ರನ್ ಕಡೆ ಕೈ ತೋರಿಸಿದಳು. "ತಾತ ಹೋದಾಗ್ಲೂ ಹೀಗೇ ಏಪ್ರನ್ ಹಾಕ್ಕೊಂಡು ಸ್ಕೂಲಿಗೆ ಬಂದಿದ್ದೆ. ಆವಾಗ್ಲೂ ಏನೂ ಆಗಿಲ್ಲ ಅಂದಿದ್ದೆ."

ನಿಜ. ಕೆಲಸ ಬಿಟ್ಟು ನಾನು ಅವಳ ಹತ್ತಿರ ಓಡಿ ಬಂದದ್ದು ಆ ಒಂದೇ ಸಲ. ಮಾತಾಡುತ್ತಿದ್ದ ಹೆಂಗಸರು ನಮ್ಮ ಕಡೆ ತಿರುಗಿದ್ದರು. ತೇಲುತ್ತಿದ್ದ ಅಜ್ಜಿಯೂ ಎದ್ದು ನಿಂತು ನೋಡುತ್ತಿದ್ದರು. ನಾನು ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತೆ. "ದೇವರಾಣೆಗೂ ಏನೂ ಆಗಿಲ್ಲ. ನಿನ್ನ ನೋಡೋಕೆ ಬಂದೆ, ಅಷ್ಟೇ" ಎಂದು ಕೈ ಚಾಚಿದೆ.

ಮಗಳು ನನ್ನ ಕೈ ನೋಡಲಿಲ್ಲ. ಐದೂವರೆಯ ಭುಜ ಗಟ್ಟಿಯಾಗಿ ಹಿಡಿದುಕೊಂಡು ಅವಳ ಮುಖವನ್ನೇ ನೋಡಿದಳು.

"ಆಂಟಿ, ನೀವು ಹೇಳಿ. ಏನಾಯ್ತು?"

ಐದೂವರೆ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಮಗಳ ಮುಖದ ಮೇಲಿನ ನೀರು ಒರೆಸಿ, "ಏನೂ ಆಗಿಲ್ಲ ಕಣೇ. ನೀನು ಈಜೋದನ್ನ ನೋಡೋಕೆ ಬಂದಿದಾರೆ ಅಮ್ಮ" ಎಂದಳು.

ಆಗ ನನ್ನ ಮಗಳು ಉಸಿರು ಬಿಟ್ಟಳು. ನಾನು ಅಷ್ಟು ಸಲ ಹೇಳಿದ್ದನ್ನು ಅವಳು ಒಂದು ಸಲ ಹೇಳಿದ್ದಕ್ಕೆ ನಂಬಿದಳು.